ಬಾವುಟ ಯಾಕೆ ಜಾಗ ಬದಲಿಸಿತು? – ಮರಳದಿಣ್ಣೆಗಳ ಬಗ್ಗೆ ಒಂದು ಪಾಠ



ಕಳೆದ ಬೇಸಿಗೆಯಲ್ಲಿ ನಮ್ಮ ಕನ್ನಡ ತರಗತಿಯವರೆಲ್ಲ ಸೇರಿ ಸಿಡ್ನಿಯ ಉತ್ತರಕ್ಕಿರುವ ನ್ಯಾರಬೀನ್ ಕಡಲತೀರಕ್ಕೆ ಹೋಗಿದ್ದೆವು. ಎರಡು ವಾರಗಳ ಹಿಂದೆಯಷ್ಟೇ ಅಲ್ಲಿಗೆ ಹೋಗಿಬಂದಿದ್ದ ಒಂದು ಕುಟುಂಬದವರು ಮುಂಚೆಯೇ ತಲುಪಿ, ಹಿಂದೆ ಕುಳಿತಿದ್ದ ಜಾಗದಲ್ಲೇ ಚಾಪೆ ಹಾಸಿ, ಕೊಡೆ ನೆಟ್ಟು, ಪುಳಿಯೋಗರೆ ಡಬ್ಬಿಗಳನ್ನು ಜೋಡಿಸಿಟ್ಟಿದ್ದರು. ಆದರೆ ಕೆಂಪು–ಹಳದಿ ಬಾವುಟಗಳು ಅಲ್ಲಿರಲಿಲ್ಲ. ದೂರದಲ್ಲಿ, ಇನ್ನೊಂದು ಕಡೆ ನೆಟ್ಟಿದ್ದರು. "ಇಲ್ಲಿ ನೀರು ಎಷ್ಟು ಶಾಂತವಾಗಿದೆ ನೋಡಿ, ಅಲೆಯೇ ಇಲ್ಲ. ಅಲ್ಲಿ ನೋಡಿದರೆ ಬರೀ ನೊರೆ. ಮಕ್ಕಳಿಗೆ ಇದೇ ಒಳ್ಳೆಯದಲ್ಲವೇ?" ಎಂದು ಆ ತಂದೆ ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ನಮಗೂ ಹಾಗೆಯೇ ಅನ್ನಿಸಿತ್ತು. ಅಷ್ಟರಲ್ಲಿ ಅಲ್ಲಿಗೆ ಬಂದ ರಕ್ಷಕ ಹುಡುಗ, ಮರಳದಿಣ್ಣೆ ಜಾಗ ಬದಲಿಸಿದೆ, ನೀವು ನಿಂತಿರುವುದು ಸೆಳವಿನ ಎದುರಿಗೆ, ದಯವಿಟ್ಟು ಆ ಕಡೆ ಬನ್ನಿ ಎಂದು ಹೇಳಿ ಹೋದ.

ಚಾಪೆ ಸುತ್ತಿಕೊಂಡು ನಡೆಯುವಾಗ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ದಿಣ್ಣೆಗೆ ಕಾಲಿಲ್ಲವಲ್ಲ, ಅದು ಹೇಗೆ ನಡೆಯುತ್ತದೆ?"

ನಾವು ಕಲಿಸುವುದು ಭಾಷೆ, ವಿಜ್ಞಾನವಲ್ಲ. ಆದ್ದರಿಂದ ಉತ್ತರಕ್ಕಾಗಿ ಓದಬೇಕಾಯಿತು. ಓದಿದ್ದನ್ನು ಮೂರು ಭಾನುವಾರ ತರಗತಿಯಲ್ಲಿ ಆಡಿ ನೋಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಪದಗಳು. ದಡದಿಂದ ಸ್ವಲ್ಪ ದೂರದಲ್ಲಿ, ನೀರಿನ ಅಡಿಯಲ್ಲಿ, ತೀರಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮರಳಿನ ಒಂದು ಉದ್ದನೆಯ ಏರು ಇರುತ್ತದೆ. ಅದೇ ಮರಳದಿಣ್ಣೆ, ಕರಾವಳಿಯವರು ಮರಳ ದಿಬ್ಬ ಎನ್ನುವುದೂ ಉಂಟು. ಅದಕ್ಕೂ ದಡಕ್ಕೂ ನಡುವೆ ಒಂದು ತಗ್ಗು. ದಿಣ್ಣೆಯಲ್ಲಿ ಅಲ್ಲಲ್ಲಿ ಕಿಂಡಿಗಳಿದ್ದು, ದಡಕ್ಕೆ ಬಂದ ನೀರು ಆ ಕಿಂಡಿಗಳ ಮೂಲಕ ರಭಸದಿಂದ ಕಡಲಿಗೆ ಮರಳುತ್ತದೆ. ಇಲ್ಲಿನವರು ರಿಪ್ ಎಂದು ಕರೆಯುವುದು ಇದನ್ನೇ. ಇದಕ್ಕೆ ನಾವು ಹೊಸ ಪದ ಕಟ್ಟಬೇಕಾಗಿಲ್ಲ. 'ಸೆಳೆ' ಎಂಬ ಕ್ರಿಯಾಪದದಿಂದ ಬಂದ 'ಸೆಳವು' ನಮ್ಮಲ್ಲಿ ಮೊದಲಿನಿಂದಲೂ ಇದೆ. ಹೊಳೆಯ ಪಕ್ಕ ಬೆಳೆದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಿಣ್ಣೆಯ ಮೇಲೆ ನೀರು ಕಡಿಮೆ, ಆದ್ದರಿಂದ ಅಲೆ ಅಲ್ಲಿ ಒಡೆದು ನೊರೆಯಾಗುತ್ತದೆ. ಕಿಂಡಿಯಲ್ಲಿ ನೀರು ಆಳ, ಆದ್ದರಿಂದ ಅಲೆ ಒಡೆಯುವುದಿಲ್ಲ. ಆ ಜಾಗ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಅಂದರೆ ಕಣ್ಣಿಗೆ ಸೌಮ್ಯವಾಗಿ ಕಾಣುವ ಜಾಗವೇ ಅಪಾಯದ ಜಾಗ. ಜೋರಾದ ಸೆಳವು ಸೆಕೆಂಡಿಗೆ ಎರಡು ಮೀಟರ್ ವೇಗವನ್ನು ತಲುಪಬಹುದು. ಒಲಿಂಪಿಕ್ ಈಜುಗಾರರ ವೇಗ ಕೂಡ ಅದಕ್ಕಿಂತ ಸ್ವಲ್ಪವೇ ಹೆಚ್ಚು. ಆಸ್ಟ್ರೇಲಿಯಾದಲ್ಲಿ ಸೆಳವಿಗೆ ಸಿಕ್ಕಿ ವರ್ಷಕ್ಕೆ ಸರಾಸರಿ 21 ಜನ ಸಾಯುತ್ತಾರೆ ಎಂದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಕಾಳ್ಗಿಚ್ಚು, ಪ್ರವಾಹ, ಚಂಡಮಾರುತ, ಶಾರ್ಕ್ ಎಲ್ಲದರ ಸರಾಸರಿಯನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ.

ಇನ್ನೊಂದು ಘಟನೆ. 1938ರ ಫೆಬ್ರವರಿ 6, ಭಾನುವಾರ. ಬೊಂಡೈ ಕಡಲತೀರದಲ್ಲಿ ನೂರಾರು ಜನ ಮರಳದಿಣ್ಣೆಯ ಮೇಲೆ ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದರು. ಒಂದರ ಹಿಂದೆ ಒಂದರಂತೆ ದೊಡ್ಡ ಅಲೆಗಳು ಬಂದವು. ಹಿಂದಿರುಗಿದ ನೀರು ನಿಂತವರನ್ನು ದಿಣ್ಣೆಯಿಂದ ಎಳೆದು ಆಳಕ್ಕೆ ಒಯ್ಯಿತು. ಸುಮಾರು 250 ಜನರನ್ನು ರಕ್ಷಿಸಬೇಕಾಯಿತು, ಐವರು ತೀರಿಕೊಂಡರು. ಕೆಲವು ನಿಮಿಷಗಳ ಹಿಂದೆ ಅವರ ಕಾಲಿನ ಕೆಳಗೆ ನೆಲ ಇತ್ತು.

ಅಳಗುಳಿ ಮಣೆಯ ಮೇಲೆ ಕಡಲು

ಹಾಗಾದರೆ ದಿಣ್ಣೆ ನಾಳೆ ಎಲ್ಲಿರುತ್ತದೆ ಎಂದು ಕಂಪ್ಯೂಟರ್ ಹೇಳಬಲ್ಲದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಬಳಸಿದ್ದು ಅಜ್ಜಿಯ ಕಾಲದ ಅಳಗುಳಿ ಮಣೆ, ಅಂದರೆ ದಕ್ಷಿಣ ಕನ್ನಡದ ಚೆನ್ನೆ ಮಣೆ. ಮನೆಯಲ್ಲಿ ಇಲ್ಲದವರು ಕಾಗದದ ಮೇಲೆ ಚೌಕಗಳನ್ನು ಬರೆದುಕೊಂಡರೂ ಸಾಕು. ಒಂದು ಸಾಲಿನ ಏಳು ಗುಳಿಗಳನ್ನು ತೆಗೆದುಕೊಳ್ಳಿ. ಒಂದನೆಯ ಗುಳಿ ದಡ, ಏಳನೆಯದು ಕಡಲ ಕಡೆ. ಹುಣಸೆ ಬೀಜಗಳೇ ಮರಳು. ಕ್ರಮವಾಗಿ 12, 9, 5, 7, 4, 3, 2 ಬೀಜ ಹಾಕಿ. ಒಟ್ಟು 42. ನೀರಿನ ಮಟ್ಟ 12 ಎಂದಿಟ್ಟುಕೊಂಡರೆ, 12ರಿಂದ ಬೀಜದ ಸಂಖ್ಯೆಯನ್ನು ಕಳೆದಾಗ ಉಳಿಯುವುದು ಅಲ್ಲಿನ ಆಳ. ಮೂರನೆಯ ಗುಳಿ ತಗ್ಗು, ನಾಲ್ಕನೆಯದು ದಿಣ್ಣೆ ಎಂಬುದು ನಿಮಗೇ ಕಾಣುತ್ತದೆ.

ಈಗ ಬಿರುಗಾಳಿ. ಸಾಮಾನ್ಯವಾಗಿ ಅಲೆಯ ಎತ್ತರ ನೀರಿನ ಆಳದ ಸುಮಾರು ಮುಕ್ಕಾಲು ಭಾಗ ಮುಟ್ಟಿದಾಗ ಅಲೆ ಒಡೆಯುತ್ತದೆ. ನಮ್ಮ ಅಲೆಯ ಎತ್ತರ 6 ಎಂದರೆ, ಆಳ 8 ಇರುವಲ್ಲಿ, ಅಂದರೆ ನಾಲ್ಕು ಬೀಜವಿರುವ ಐದನೆಯ ಗುಳಿಯಲ್ಲಿ ಒಡೆಯಬೇಕು. ಒಡೆದ ಅಲೆಗಳು ನೀರನ್ನು ದಡದ ಕಡೆ ತಂದು ತುಂಬುತ್ತವೆ. ಆ ನೀರು ಹಿಂದಿರುಗಲೇಬೇಕು. ಅದು ತಳದ ಮೇಲೆ ಹರಿದು ಕಡಲಿಗೆ ಹೋಗುವಾಗ ಮರಳನ್ನು ಎಳೆದೊಯ್ಯುತ್ತದೆ. ಈ ಅಡಿಸೆಳೆತ ಅಲೆ ಒಡೆಯುವ ಜಾಗದ ಒಳಮಗ್ಗುಲಲ್ಲಿ ಜೋರು, ಅದರಾಚೆ ಕ್ಷೀಣ. ಆದ್ದರಿಂದ ನಮ್ಮ ನಿಯಮ: ಎರಡು ಮತ್ತು ಮೂರನೆಯ ಗುಳಿಗಳು ತಮ್ಮ ಮುಂದಿನ, ಕಡಲ ಕಡೆಯ ಗುಳಿಗೆ ಒಂದೊಂದು ಬೀಜ ಕೊಡುತ್ತವೆ, ನಾಲ್ಕನೆಯದು ಎರಡು ಕೊಡುತ್ತದೆ, ಐದನೆಯದು ತೆಗೆದುಕೊಳ್ಳುತ್ತದಷ್ಟೇ.

ಒಂದು ದಿನ ಕಳೆದ ಮೇಲೆ: 12, 8, 5, 6, 6, 3, 2.
ಎರಡು ದಿನ ಕಳೆದ ಮೇಲೆ: 12, 7, 5, 5, 8, 3, 2.

ದಿಣ್ಣೆ ಐದನೆಯ ಗುಳಿಗೆ ಬಂದಿದೆ. ಪ್ರಶ್ನೆ ಕೇಳಿದ ಹುಡುಗಿ ಇದನ್ನು ನೋಡಿ, "ಓ, ದಿಣ್ಣೆ ನಡೆಯಲೇ ಇಲ್ಲ, ಬೀಜ ಮಾತ್ರ ಒಂದೊಂದು ಮನೆ ದಾಟಿತು" ಎಂದಳು. ಇದಕ್ಕಿಂತ ಚೆನ್ನಾಗಿ ನಾವು ಹೇಳಲಾರೆವು. ಬೀಜಗಳನ್ನು ಎಣಿಸಿ ನೋಡಿ, ಈಗಲೂ 42. ಮರಳು ಹುಟ್ಟುವುದೂ ಇಲ್ಲ, ಮಾಯವಾಗುವುದೂ ಇಲ್ಲ, ಸ್ಥಳ ಬದಲಿಸುತ್ತದೆ. ಎಷ್ಟೇ ದೊಡ್ಡ ಗಣಕ ಮಾದರಿಯಾದರೂ ಅದರೊಳಗಿನ ಮೊದಲ ನಿಯಮ ಇದೇ: ಒಂದು ಮನೆಗೆ ಬಂದ ಮರಳಿನಿಂದ ಹೋದ ಮರಳನ್ನು ಕಳೆದರೆ ಆ ಮನೆಯ ಎತ್ತರ ಎಷ್ಟು ಬದಲಾಯಿತು ಎಂಬುದು ಸಿಗುತ್ತದೆ.

ನಿಜವಾದ ಮಾದರಿಯಲ್ಲಿ ಏಳು ಗುಳಿಗಳ ಬದಲು ಸಾವಿರಾರು ಮನೆಗಳಿರುತ್ತವೆ. ಪ್ರತಿ ಸಲವೂ ಕಂಪ್ಯೂಟರ್ ಮೊದಲು ಅಲೆಗಳನ್ನು, ನಂತರ ಅವು ಹುಟ್ಟಿಸುವ ಪ್ರವಾಹವನ್ನು, ಆಮೇಲೆ ಆ ಪ್ರವಾಹ ಹೊತ್ತೊಯ್ಯುವ ಮರಳನ್ನು ಲೆಕ್ಕ ಹಾಕಿ, ತಳದ ಎತ್ತರವನ್ನು ತಿದ್ದುತ್ತದೆ. ತಳ ಬದಲಾದರೆ ಅಲೆ ಒಡೆಯುವ ಜಾಗವೂ ಬದಲಾಗುತ್ತದೆ. ಆದ್ದರಿಂದ ಮತ್ತೆ ಮೊದಲಿನಿಂದ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ನಗರದ ಸಂಶೋಧಕರು ಮುಂದಾಗಿ ರೂಪಿಸಿದ ಎಕ್ಸ್‌ಬೀಚ್ ಎಂಬ ಮಾದರಿ ಇಂಥದ್ದು. 2009ರಲ್ಲಿ ಅದರ ವಿವರ ಪ್ರಕಟವಾಯಿತು. ಯಾರು ಬೇಕಾದರೂ ಅದನ್ನು ಉಚಿತವಾಗಿ ಪಡೆಯಬಹುದು. ಕಾಲೇಜು ಸೇರಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಪ್ರಯತ್ನಿಸಬಹುದು.

ಹಿಂದಿರುಗುವ ದಾರಿ

ಬಿರುಗಾಳಿ ನಿಂತ ಮೇಲೆ ಏನಾಗುತ್ತದೆ? ಸಣ್ಣ ಅಲೆಗಳು ದಿಣ್ಣೆಯ ಮೇಲೆ ಒಡೆಯುವುದಿಲ್ಲ. ಆದ್ದರಿಂದ ಅಡಿಸೆಳೆತ ಇಲ್ಲ. ಆದರೆ ದಡ ಸಮೀಪಿಸಿದ ಅಲೆಯ ಕೆಳಗೆ ನೀರು ಮುಂದೆ ಹೋಗುವುದು ಸ್ವಲ್ಪವೇ ಹೊತ್ತು, ಆದರೆ ಜೋರಾಗಿ. ಹಿಂದೆ ಬರುವುದು ಹೆಚ್ಚು ಹೊತ್ತು, ಆದರೆ ನಿಧಾನವಾಗಿ. ಜೋರಾದ ತಳ್ಳುವಿಕೆಗೆ ಮರಳು ಏಳುತ್ತದೆ, ನಿಧಾನವಾದ ಎಳೆತಕ್ಕೆ ಅಷ್ಟು ಏಳುವುದಿಲ್ಲ. ಹೀಗೆ ದಿನಕ್ಕೆ ಸಾವಿರಾರು ಅಲೆಗಳು ಮರಳನ್ನು ಚೂರುಚೂರೇ ದಡದ ಕಡೆ ತಳ್ಳುತ್ತವೆ. ಮಣೆಯ ಮೇಲೆ ನಿಯಮ: ವಾರಕ್ಕೆ ಒಂದು ಸಲ, ದಿಣ್ಣೆಯ ಅತಿ ಎತ್ತರದ ಗುಳಿ ದಡದ ಕಡೆಗೆ ಒಂದು ಬೀಜ ಕೊಡುತ್ತದೆ.

ಮೊದಲ ವಾರ 12, 7, 5, 6, 7, 3, 2. ಎರಡನೆಯ ವಾರ 12, 7, 5, 7, 6, 3, 2. ಮೂರನೆಯ ವಾರ 12, 7, 6, 6, 6, 3, 2.

ದಿಣ್ಣೆ ದಡದತ್ತ ಸರಿದು, ಕೊನೆಗೆ ಸಮತಟ್ಟಾದ ಜಗಲಿಯಂತಾಯಿತು. ಎರಡು ದಿನದಲ್ಲಿ ಹೋದದ್ದಕ್ಕೆ ಮೂರು ವಾರ ಬೇಕಾಯಿತು. ಅದೂ ಎರಡನೆಯ ಗುಳಿಯ ಎರಡು ಬೀಜಗಳು ಇನ್ನೂ ದಡಕ್ಕೆ ಬಂದಿಲ್ಲ. ನಮ್ಮ ನಿಯಮಗಳು ಆಟದ ನಿಯಮಗಳು, ಆದರೆ ಕಡಲಿನ ನಡವಳಿಕೆಯೂ ಇದೇ ಜಾಡಿನದು: ಹೋಗುವುದು ಬೇಗ, ಬರುವುದು ನಿಧಾನ. ನ್ಯಾರಬೀನ್‌ಗೆ ತಾಗಿಕೊಂಡಿರುವ ಕೊಲರಾಯ್‌ನಲ್ಲಿ 2016ರ ಜೂನ್ ಬಿರುಗಾಳಿಗೆ ಒಂದು ಮನೆಯ ಈಜುಕೊಳವೇ ಕಿತ್ತುಕೊಂಡು ಮರಳಿನ ಮೇಲೆ ಬಿದ್ದಿದ್ದ ಚಿತ್ರವನ್ನು ಹಲವು ಪೋಷಕರು ಪತ್ರಿಕೆಗಳಲ್ಲಿ ನೋಡಿರಬಹುದು. ಬಿರುಗಾಳಿಯ ಹೊಡೆತ ಕೆಲವೇ ದಿನಗಳದು. ಮರಳು ದಡಕ್ಕೆ ಹಿಂದಿರುಗಲು ತಿಂಗಳುಗಳೇ ಹಿಡಿದವು.

ಊರಿನ ಕಡಲನ್ನು ಬಲ್ಲವರಿಗೆ ಇದು ಹೊಸದಲ್ಲ. ಮಂಗಳೂರು, ಉಡುಪಿ ಕಡೆ ಜೂನ್‌ನಲ್ಲಿ ಮಳೆಗಾಲದ ಅಲೆಗಳು ದಡವನ್ನು ತಿನ್ನುತ್ತವೆ, ಮರಳು ಒಳಗೆ ಹೋಗಿ ದಿಣ್ಣೆಯಾಗುತ್ತದೆ. ಮಳೆ ಹಿಂದೆಗೆದ ಮೇಲೆ ದಡ ಮತ್ತೆ ತುಂಬಿಕೊಳ್ಳುತ್ತದೆ. ಅಲ್ಲಿ ಇದು ಪಂಚಾಂಗದಂತೆ ವರ್ಷಕ್ಕೊಮ್ಮೆ ಬರುವ ಚಕ್ರ. ಸಿಡ್ನಿಯಲ್ಲಿ ದೊಡ್ಡ ಅಲೆಗಳು ಯಾವ ತಿಂಗಳಲ್ಲಾದರೂ ಬರಬಹುದು. ಆದ್ದರಿಂದ ಇಲ್ಲಿ ತಿಂಗಳು ನೋಡಿ ದಿಣ್ಣೆಯ ಸ್ಥಾನವನ್ನು ಊಹಿಸಲಾಗದು.

ಈ 'ಹಿಂದಿರುಗುವ' ನಿಯಮವನ್ನು ಕಂಪ್ಯೂಟರಿಗೆ ಕಲಿಸುವುದು ವಿಜ್ಞಾನಿಗಳಿಗೆ ಬಹಳ ಕಷ್ಟವಾಯಿತು. ನಮಗೆ ಇಡೀ ಕಥೆಯಲ್ಲಿ ಅತ್ಯಂತ ಹಿಡಿಸಿದ ಭಾಗ ಇದು. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಡಕ್ ಎಂಬ ಊರಿದೆ. ಅಲ್ಲಿ ಸೇನೆಯ ಎಂಜಿನಿಯರುಗಳ ಸಂಶೋಧನಾ ಕೇಂದ್ರಕ್ಕೆ ಸೇರಿದ, ಕಡಲೊಳಕ್ಕೆ ಚಾಚಿದ 560 ಮೀಟರ್ ಉದ್ದದ ಸೇತುವೆ ಇದೆ. ಹತ್ತು ಮೀಟರಿಗೂ ಎತ್ತರದ, ಮೂರು ಕಾಲಿನ, ಕಾಲಿಗೊಂದು ಚಕ್ರವಿದ್ದ ವಾಹನವೊಂದು ಅಲೆಗಳ ನಡುವೆ ನಡೆದುಹೋಗಿ ತಳವನ್ನು ಅಳೆಯುತ್ತಿತ್ತು. ಅದರ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರೆ 'ಏಡಿ' ಎಂದಾಗುತ್ತದೆ! 1994ರಲ್ಲಿ ಅಲ್ಲಿ ದೊಡ್ಡ ಪ್ರಯೋಗ ನಡೆಯಿತು. ಅಳತೆಗಳನ್ನು ಅಂದಿನ ಮಾದರಿಗೆ ಕೊಟ್ಟು ನೋಡಿದಾಗ, ಬಿರುಗಾಳಿಯಲ್ಲಿ ದಿಣ್ಣೆ ಕಡಲ ಕಡೆ ಸರಿದದ್ದು ಸರಿಯಾಗಿ ಬಂತು. ಆದರೆ ಶಾಂತ ದಿನಗಳಲ್ಲಿ ದಿಣ್ಣೆ ದಡದ ಕಡೆ ಬಂದದ್ದು ಲೆಕ್ಕಕ್ಕೆ ಸಿಗಲೇ ಇಲ್ಲ. 1998ರಲ್ಲಿ ಆ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದರು. 2003ರಲ್ಲಿ ಹೋಫೆಲ್ ಮತ್ತು ಎಲ್ಗರ್ ಎಂಬ ಇಬ್ಬರು, ನೀರಿನ ವೇಗವೊಂದೇ ಸಾಲದು, ಅಲೆಯ ಕಡಿದಾದ ಮುಂಭಾಗದಲ್ಲಿ ವೇಗ ಎಷ್ಟು ಥಟ್ಟನೆ ಏರುತ್ತದೆ ಎಂಬುದನ್ನೂ ಸೇರಿಸಬೇಕು ಎಂದು ತೋರಿಸಿದರು. ಸೇರಿಸಿದಾಗ ಅದೇ 1994ರ 45 ದಿನಗಳ ಅಳತೆಯಲ್ಲಿ ದಿಣ್ಣೆ ಹೋದದ್ದೂ ಬಂದದ್ದೂ ಲೆಕ್ಕಕ್ಕೆ ಹೊಂದಿತು. ನಮ್ಮ ಮಣೆಯ ಮೇಲೆ ವಾರಕ್ಕೊಂದು ಬೀಜದ ನಿಯಮವನ್ನು ಬಿಟ್ಟು ಆಡಿ ನೋಡಿ: ಪ್ರತಿ ಬಿರುಗಾಳಿಗೂ ಬೀಜ ಆಚೆಗೇ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ದಡದ ಹತ್ತಿರದ ಗುಳಿಗಳು ಬರಿದು. ಅಳತೆ ಮಾಡಿದವರು ಇಲ್ಲದಿದ್ದರೆ ಆ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ.

ಅಳೆಯುವವರ ವಿಷಯ ಬಂದದ್ದರಿಂದ ಇಷ್ಟು ಹೇಳುತ್ತೇವೆ. ನ್ಯಾರಬೀನ್ ದಡವನ್ನು ಸಿಡ್ನಿಯ ವಿಜ್ಞಾನಿ ಆಂಡ್ರ್ಯೂ ಶಾರ್ಟ್ 1976ರಲ್ಲಿ ಅಳೆಯಲು ಶುರುಮಾಡಿದರು. ಮೊದಮೊದಲು ಉಪಕರಣವೆಂದರೆ ಎರಡು ಕೋಲು ಮತ್ತು ದೂರದ ದಿಗಂತ. ಅವರು ನಿಲ್ಲಿಸಿದ ಮೇಲೆ ಇತರರು ಮುಂದುವರಿಸಿದ್ದಾರೆ, ಇಂದಿಗೂ ಅಳೆಯುತ್ತಿದ್ದಾರೆ. ನೆದರ್ಲೆಂಡ್ಸ್‌ನವರು 1965ರಿಂದ ಪ್ರತಿ ವರ್ಷ ತಮ್ಮ ಕರಾವಳಿಯನ್ನು ಅಳೆಯುತ್ತಿದ್ದಾರೆ. ಅದರಿಂದಲೇ ಅಲ್ಲಿನ ದಿಣ್ಣೆಗಳು ದಡದ ಬಳಿ ಹುಟ್ಟಿ, ವರ್ಷಗಟ್ಟಲೆ ನಿಧಾನವಾಗಿ ಕಡಲ ಕಡೆ ಸರಿದು, ಅಲ್ಲೇ ಕರಗಿಹೋಗುತ್ತವೆ ಎಂದು ತಿಳಿದದ್ದು. ಅಮೆರಿಕದ ರಾಬ್ ಹೋಲ್ಮನ್ ಇನ್ನೂ ಸುಲಭದ ಉಪಾಯ ಕಂಡರು: ದಡದ ಮೇಲೆ ಕ್ಯಾಮರಾ ಇಟ್ಟು, ಹತ್ತು ನಿಮಿಷದ ದೃಶ್ಯವನ್ನು ಒಂದೇ ಚಿತ್ರವಾಗಿ ಸೇರಿಸುವುದು. ಒಂದೊಂದು ಅಲೆ ಅಳಿಸಿಹೋಗಿ, ಅಲೆ ಪದೇ ಪದೇ ಒಡೆಯುವ ಜಾಗ ಬಿಳಿ ಪಟ್ಟಿಯಾಗಿ ಕಾಣುತ್ತದೆ. ನೀರಿಗೆ ಇಳಿಯದೆಯೇ ದಿಣ್ಣೆ ಕಣ್ಣಿಗೆ ಬೀಳುತ್ತದೆ!

ಒಂದು ಬೀಜದ ವ್ಯತ್ಯಾಸ

ಈಗ ನಮ್ಮನ್ನು ಚಾಪೆ ಸುತ್ತಿಸಿದ ಸೆಳವಿಗೆ ಬರೋಣ. ಒಂದೇ ಸಾಲಿನ ಗುಳಿಗಳಲ್ಲಿ ಸೆಳವು ಮೂಡಲಾರದು, ಏಕೆಂದರೆ ನೀರು ಪಕ್ಕಕ್ಕೆ ಹೋಗಲು ದಾರಿಯಿಲ್ಲ. ಅದೃಷ್ಟಕ್ಕೆ ಅಳಗುಳಿ ಮಣೆಗೆ ಎರಡು ಸಾಲುಗಳಿವೆ. ಎರಡರಲ್ಲೂ ಮೊದಲಿನಂತೆ 12, 9, 5, 7, 4, 3, 2 ಹಾಕಿ, ಎರಡನೆಯ ಸಾಲಿನ ದಿಣ್ಣೆಯಿಂದ ಒಂದೇ ಒಂದು ಬೀಜ ತೆಗೆಯಿರಿ. ಒಂದು ಸಾಲಿನಲ್ಲಿ ದಿಣ್ಣೆ 7, ಇನ್ನೊಂದರಲ್ಲಿ 6.

ಎತ್ತರದ ದಿಣ್ಣೆಯ ಮೇಲೆ ಅಲೆ ಹೆಚ್ಚು ಒಡೆಯುತ್ತದೆ, ಹೆಚ್ಚು ನೀರು ಒಳಗೆ ಬರುತ್ತದೆ. ಬಂದ ನೀರು ತಗ್ಗಿನಲ್ಲಿ ಪಕ್ಕಕ್ಕೆ ಹರಿದು, ಗಿಡ್ಡ ದಿಣ್ಣೆಯ ಮೇಲಿಂದ ಹೊರಗೆ ಹೋಗುತ್ತದೆ. ಹೋಗುವಾಗ ಅಲ್ಲಿನ ಮರಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ನಿಯಮ: ಪ್ರತಿ ಸಲ ಎತ್ತರದ ದಿಣ್ಣೆ ತನ್ನ ಐದನೆಯ ಗುಳಿಯಿಂದ ಒಂದು ಬೀಜ ಪಡೆಯುತ್ತದೆ, ಗಿಡ್ಡ ದಿಣ್ಣೆ ತನ್ನ ಐದನೆಯ ಗುಳಿಗೆ ಒಂದು ಬೀಜ ಕಳೆದುಕೊಳ್ಳುತ್ತದೆ. ಒಂದು ಸಲಕ್ಕೆ 8 ಮತ್ತು 5. ಎರಡನೆಯ ಸಲಕ್ಕೆ 9 ಮತ್ತು 4. ಒಂದು ಬೀಜದ ವ್ಯತ್ಯಾಸ ಮೂರಾಯಿತು, ಮೂರು ಐದಾಯಿತು. ಕಿಂಡಿ ಆಳವಾದಷ್ಟೂ ನೀರು ಅಲ್ಲಿಗೇ ನುಗ್ಗುತ್ತದೆ, ನೀರು ನುಗ್ಗಿದಷ್ಟೂ ಕಿಂಡಿ ಆಳವಾಗುತ್ತದೆ. ಇದ್ದವರಿಗೇ ಇನ್ನಷ್ಟು ಸೇರುವ ಹಾಗೆ!

ಬಹುತೇಕ ನೇರವಾದ ದಿಣ್ಣೆಯನ್ನು ಕೊಟ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗುಗಳನ್ನು ಮಾತ್ರ ಬಿಟ್ಟರೆ, ದೊಡ್ಡ ಗಣಕ ಮಾದರಿಯಲ್ಲೂ ಕೆಲವು ದಿನಗಳೊಳಗೆ ಸಾಲುಸಾಲು ಕಿಂಡಿಗಳು ತಾವಾಗಿಯೇ ಮೂಡುತ್ತವೆ. ಅವು ಎಷ್ಟೆಷ್ಟು ದೂರಕ್ಕೆ ಒಂದೊಂದು ಬರುತ್ತವೆ ಎಂಬುದನ್ನು ಮಾದರಿ ಒಂದು ಮಟ್ಟಿಗೆ ಹೇಳಬಲ್ಲದು. ಆದರೆ ಮೊದಲನೆಯದು ಆ ಮರದ ಎದುರಿಗೋ ಈ ಮೆಟ್ಟಿಲಿನ ಎದುರಿಗೋ ಎಂಬುದನ್ನು ನಿರ್ಧರಿಸಿದ್ದು ಆ ಒಂದು ಬೀಜ. ಕಡಲ ತಳದ ಪ್ರತಿಯೊಂದು ಬೀಜವನ್ನೂ ಎಣಿಸಿದವರು ಯಾರೂ ಇಲ್ಲ. ಅಮೆರಿಕದ ಹವಾಮಾನ ಇಲಾಖೆಯವರು 2021ರಿಂದ ಬಳಸುತ್ತಿರುವ ಸೆಳವಿನ ಮುನ್ಸೂಚನೆ ಮಾದರಿಯೂ, ಆರು ದಿನ ಮುಂದಿನವರೆಗೆ ಗಂಟೆಗಂಟೆಗೆ, ಅಪಾಯಕಾರಿ ಸೆಳವಿನ ಸಾಧ್ಯತೆ ಎಷ್ಟು ಎಂದು ಹೇಳುತ್ತದೆ. ಕಿಂಡಿ ಇಂಥ ಮೆಟ್ಟಿಲಿನ ಎದುರಿಗೇ ಇದೆ ಎಂದು ಹೇಳುವುದಿಲ್ಲ. ಬಾವುಟ ನೆಡುವವರು ಬೆಳಿಗ್ಗೆ ಬಂದು ನೀರನ್ನು ಕಣ್ಣಾರೆ ನೋಡಿಯೇ ಜಾಗ ಆರಿಸುವುದು ಇದಕ್ಕಾಗಿ. ನಿನ್ನೆಯ ಜಾಗ ಅವರಿಗೂ ಉಪಯೋಗಕ್ಕೆ ಬಾರದು.

ಅಕಸ್ಮಾತ್ ಸೆಳವಿಗೆ ಸಿಕ್ಕಿದರೆ ದಡದ ಕಡೆಗೆ ನೇರವಾಗಿ ಈಜಿ ಸುಸ್ತಾಗಬೇಡಿ. ಸೆಳವು ನಿಮ್ಮನ್ನು ಕೆಳಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ತೇಲುತ್ತಾ ಕೈ ಎತ್ತಿ ಸಹಾಯ ಕೇಳಿ. ಈಜಲು ಬಲ್ಲವರು ಪಕ್ಕಕ್ಕೆ, ಅಲೆ ಒಡೆಯುತ್ತಿರುವ ನೊರೆಯ ಕಡೆಗೆ ಹೋಗಬಹುದು. ಅಲ್ಲಿ ದಿಣ್ಣೆ ಇರುತ್ತದೆ.

ರಜೆಯ ಕೆಲಸ ಒಂದಿದೆ. ನ್ಯಾರಬೀನ್‌ನ ಉತ್ತರ ತುದಿಯಲ್ಲೂ ಮ್ಯಾನ್ಲಿಯಲ್ಲೂ 2017ರಲ್ಲಿ ಫೋನ್ ಇಡುವ ಒಂದೊಂದು ಚೌಕಟ್ಟನ್ನು ನಿಲ್ಲಿಸಿದರು. ಕೋಸ್ಟ್‌ಸ್ನ್ಯಾಪ್ ಎಂಬ ಆ ಯೋಜನೆ ಅಲ್ಲಿಂದ ಹಲವು ದೇಶಗಳಿಗೆ ಹರಡಿದೆ. ಅಂಥ ಚೌಕಟ್ಟು ಸಿಕ್ಕಿದರೆ ಫೋನ್ ಇಟ್ಟು ಚಿತ್ರ ತೆಗೆದು ಕಳುಹಿಸಿ. ದಡ ಹೇಗೆ ಬದಲಾಗುತ್ತಿದೆ ಎಂದು ಅಳೆಯಲು ಅದನ್ನು ಬಳಸುತ್ತಾರೆ. ಕಡಲಿಗೆ ಹೋಗದವರು ನಾಲ್ಕು ಮನೆಯ ಮಣೆಗಳನ್ನು ಪಕ್ಕಪಕ್ಕ ಇಟ್ಟು ಎಂಟು ಸಾಲು ಮಾಡಿ, ಎಲ್ಲದರಲ್ಲೂ ಒಂದೇ ಲೆಕ್ಕದ ಬೀಜ ಹಾಕಿ, ಕಣ್ಣು ಮುಚ್ಚಿ ಯಾವುದಾದರೂ ಒಂದು ದಿಣ್ಣೆಯಿಂದ ಒಂದು ಬೀಜ ತೆಗೆದು ಆಡಿ. ಕಿಂಡಿ ಎಷ್ಟನೆಯ ಸಾಲಿನಲ್ಲಿ ಮೂಡಿತು ಎಂದು ಬರೆದು ತನ್ನಿ. ತರಗತಿಯಲ್ಲಿ ಎರಡು ಗುಂಪುಗಳಾಗಿ ಆಡಿದಾಗ ಒಂದು ಗುಂಪಿಗೆ ಮೂರನೆಯ ಸಾಲಿನಲ್ಲಿ ಬಂತು, ಇನ್ನೊಂದಕ್ಕೆ ಏಳನೆಯದರಲ್ಲಿ.